ಹೊರೆ ಹೊತ್ತು ಮಲಗಿದವನು

ನಾನು ಒಂದು ಟ್ರಕ್ಕು. ಹೀಗೆ ಬಾಯಿಬಿಟ್ಟು ಹೇಳಿದರೇ ಗೊತ್ತಾಗುವ ಸ್ಥಿತಿಗೆ ಬಂದಿದ್ದೇನೆ. ಚಕ್ರಗಳು ಹೋಗಿವೆ, ಬಾಗಿಲು ಒಂದೇ ಉಳಿದಿದೆ, ಬಾನೆಟ್ಟಿನ ಮೇಲೆ ಯಾರೋ ಹಳೆಯ ಸೈಕಲ್ಲುಗಳನ್ನು ಪೇರಿಸಿದ್ದಾರೆ. ಹುಟ್ಟಿದಾಗ ನನ್ನ ಗತ್ತೇ ಬೇರೆ ಇತ್ತು.

ಜಬಲ್ಪುರದ ಕಾರ್ಖಾನೆಯಲ್ಲಿ ನನ್ನನ್ನು ಸೇನೆಗೆಂದೇ ಕಟ್ಟಿದರು. ಆರು ಸಿಲಿಂಡರಿನ ದೊಡ್ಡ ಪೆಟ್ರೋಲ್ ಎಂಜಿನ್ನು, ಹಸಿರು ಬಣ್ಣ, ಎತ್ತರದ ನಿಲುವು. ಗಡಿಯ ಹಿಮದ ಗುಡ್ಡಗಳಲ್ಲಿ ಬೇರೆ ಗಾಡಿಗಳು ಬೆಳಗಿನ ಹೊತ್ತು ಏಳಲು ಮೊಂಡಾಟ ಮಾಡುತ್ತಿದ್ದರೆ ನಾನು ಒಂದೇ ಕರೆಗೆ ಎದ್ದು ನಿಲ್ಲುತ್ತಿದ್ದೆ. ಬ್ಯಾಟರಿ ಸತ್ತಿದ್ದರೂ ಚಿಂತೆಯಿರಲಿಲ್ಲ. ನನ್ನ ಮೂತಿಯ ಕೆಳಗೊಂದು ತೂತಿದೆ, ಅಲ್ಲಿ ಉದ್ದನೆಯ ಕಬ್ಬಿಣದ ಹ್ಯಾಂಡಲ್ ತೂರಿಸಿ ಒಂದು ಸುತ್ತು ತಿರುಗಿಸಿದರೆ ಸಾಕಿತ್ತು. ಅಲ್ಲಿ ನಾನೆಷ್ಟು ಪೆಟ್ರೋಲ್ ಕುಡಿಯುತ್ತೇನೆಂದು ಯಾರೂ ಕೇಳಲಿಲ್ಲ. ದೊಡ್ಡ ಮನೆಯಲ್ಲಿ ಬೆಳೆದ ಮಕ್ಕಳ ಹಾಗೆ ನಾನೂ ಊಟ ಎಂದರೆ ತಾನಾಗಿ ಬರುವುದು ಎಂದುಕೊಂಡಿದ್ದೆ.

ಅಲ್ಲಿನ ಚಳಿಯಲ್ಲಿ ನನ್ನ ದೋಷವೂ ಗೊತ್ತಾಗಿರಲಿಲ್ಲ. ಬಯಲುಸೀಮೆಯ ಠಾಣೆಗೆ ಬಂದ ಮೇಲೆ ಗೊತ್ತಾಯಿತು. ಬಿಸಿಲೇರಿ ಎಂಜಿನ್ನು ಕಾದರೆ ಕೊಳವೆಯೊಳಗಿನ ಪೆಟ್ರೋಲು ಕುದಿದು ಆವಿಯಾಗುತ್ತಿತ್ತು. ಆಗ ಭಾರ ಹೊತ್ತು ಏರು ಹತ್ತುತ್ತಿದ್ದರೆ ಮುಗಿಯಿತು, ಇದ್ದಲ್ಲೇ ನಿಂತುಬಿಡುತ್ತಿದ್ದೆ. ತಣಿಯುವವರೆಗೆ ಬೈದರೂ ಒದ್ದರೂ ಏಳುತ್ತಿರಲಿಲ್ಲ. ವಯಸ್ಸಾದಂತೆ ಈ ಚಟ ಹೆಚ್ಚಿತು. ಸೇನೆಯವರು ನನ್ನನ್ನು ಹರಾಜು ಹಾಕಿದರು, ಹಳೆಯ ಗಾಡಿಗಳ ವ್ಯಾಪಾರಿ ಬಾಬುರಾವ್ ಹಿಡಿದರು. ಹುಬ್ಬಳ್ಳಿಯ ಹೊರಗಿದ್ದ ಅವರ ಅಂಗಳದಲ್ಲಿ ಎರಡು ವರ್ಷ ನಿಂತೆ. ಬಂದವರೆಲ್ಲ ನನ್ನ ಬಾನೆಟ್ ಎತ್ತಿ, ಪೆಟ್ರೋಲು ಎಂದು ತಿಳಿದ ಕೂಡಲೇ ಇಳಿಸಿ ಹೋಗುತ್ತಿದ್ದರು. ಯಾರಿಗೂ ಬೇಡವಾಗಿ ನಿಲ್ಲುವುದು ಎಷ್ಟು ಕಷ್ಟವೆಂದು ನಿಂತವರಿಗೇ ಗೊತ್ತು. ಮುಂದೆ ನಾನು ಮಾಡಿದ್ದಕ್ಕೆ ಇದು ಸಮಜಾಯಿಷಿಯಲ್ಲ, ಆದರೂ ಹೇಳಿದ್ದೇನೆ.

ಒಂದು ಚುಮುಚುಮು ಬೆಳಿಗ್ಗೆ ಯಮನೂರಪ್ಪ ಬಂದ. ಬಾದಾಮಿ ಸೀಮೆಯ ಒಂದು ಕಲ್ಲಿನ ಊರಿನವನು. ಗಣಿಯಿಂದ ಚಪ್ಪಡಿ, ಕಂಬ, ಮೆಟ್ಟಿಲುಗಲ್ಲುಗಳನ್ನು ಎತ್ತಿನ ಗಾಡಿಯಲ್ಲಿ ಹೇರಿಕೊಂಡು ಮನೆ ಕಟ್ಟುವವರಿಗೆ ಮುಟ್ಟಿಸುವುದು ಅವನ ಕಸುಬು. ಗಣಿಯ ಟ್ರ್ಯಾಕ್ಟರ್ ಓಡಿಸಿ ಕೈ ಪಳಗಿತ್ತು, ಸ್ವಂತಕ್ಕೊಂದು ಟ್ರಕ್ಕು ಬೇಕೆಂಬ ಆಸೆ ಹುಟ್ಟಿತ್ತು. ಟ್ರಕ್ಕು ಕೊಳ್ಳುವವರು ಮೆಕ್ಯಾನಿಕನನ್ನು ಕರೆತರುತ್ತಾರೆ. ಯಮನೂರಪ್ಪ ದನದ ದಲ್ಲಾಳಿ ಮುದುಕಪ್ಪನನ್ನು ಕರೆತಂದಿದ್ದ. ಅವನ ಅಪ್ಪನ ಕಾಲದಿಂದ ಮನೆಗೆ ಬಂದ ಪ್ರತಿ ಎತ್ತನ್ನೂ ಆರಿಸಿದ ಕಣ್ಣು ಅದು. ದುಡಿಯುವುದನ್ನು ಕೊಳ್ಳುವಾಗ ಬೇರೆಯವರನ್ನು ಕರೆದರೆ ಮುದುಕಪ್ಪನಿಗೆ ಅವಮಾನ ಎಂದು ಅವನ ಎಣಿಕೆ.

ಮುದುಕಪ್ಪ ನನ್ನ ಸುತ್ತ ಮೂರು ಸಲ ತಿರುಗಿದ. ಎಲ್ಲಾದರೂ ಕೆಟ್ಟ ಸುಳಿ ಇದೆಯೇ ಎಂದು ತಗಡು ಸವರಿ ನೋಡಿದ. ಮುಂಗಾಲು ಹಿಂಗಾಲು ತಟ್ಟುವ ಹಾಗೆ ಚಕ್ರಗಳನ್ನು ತಟ್ಟಿದ. ಬಾನೆಟ್ ಎತ್ತಿಸಿ ಒಳಗೆ ಕಂಡದ್ದೇನೂ ತಿಳಿಯದಿದ್ದರೂ ಅವನು ತಲೆಯಾಡಿಸಿದ ಬಗೆಗೆ ನನಗೆ ಹೆಮ್ಮೆಯಾಯಿತು.

"ಎಷ್ಟು ಹಲ್ಲು ಹಾಕೇತ್ರಿ?" ಎಂದು ಎತ್ತಿನ ವಯಸ್ಸು ಕೇಳುವ ಹಾಗೆ ಕೇಳಿದ.

ಬಾಬುರಾವ್ ನಕ್ಕು ಮೀಟರು ತೋರಿಸಿದರು. ಮೂವತ್ತೆಂಟು ಸಾವಿರ ಕಿಲೋಮೀಟರು ಎಂದಿತ್ತು. ಐದು ಅಂಕಿಯ ಮೀಟರು ನನ್ನದು. ಅದು ಒಮ್ಮೆ ಲಕ್ಷ ಮುಗಿಸಿ ಮತ್ತೆ ಸೊನ್ನೆಯಿಂದ ಶುರುವಾಗಿತ್ತೆಂದು ನನಗೆ ಗೊತ್ತಿತ್ತು. ಬಾಬುರಾವ್‌ಗೂ ಗೊತ್ತಿದ್ದಿರಬೇಕು, ಅವರ ಕಣ್ಣು ಅಂಕಿಗಳ ಮೇಲೆ ನಿಲ್ಲಲಿಲ್ಲ.

ಆಮೇಲೆ ಯಮನೂರಪ್ಪ ಮುಂದೆ ಬಂದು ನನ್ನ ಬಾನೆಟ್ಟಿನ ಮೇಲೆ ಅಂಗೈ ಇಟ್ಟ. ಎತ್ತು ಕೊಳ್ಳುವಾಗ ಅದರ ಬೆನ್ನಿನ ಮೇಲೆ ಕೈಯಿಟ್ಟು ಮೂರು ಮಾತು ಕೇಳುವುದು ಅವರಲ್ಲಿ ರೂಢಿ. ಆ ಮೂರಕ್ಕೆ ಮಾರುವವರು ಸುಳ್ಳು ಹೇಳುವಂತಿಲ್ಲ.

"ಹಾಯತೈತೇನ್ರಿ?"

"ಏ, ಇಲ್ಲ ಬಿಡು."

"ಒದಿತೈತೇನ್ರಿ?"

"ಇಲ್ಲ."

"ಹೊರಿ ಹೊತ್ತು ನಡುದಾರ್ಯಾಗ ಮಲಗತೈತೇನ್ರಿ?"

"ಮಿಲಿಟರಿ ಗಾಡಿ ಐತಿ ಅದು. ಮಲಗೂದು ಅದಕ್ಕ ಗೊತ್ತ ಇಲ್ಲ," ಎಂದರು ಬಾಬುರಾವ್.

ಅವರಿಗೆ ಆ ರೂಢಿ ತಿಳಿಯದು, ನಗೆಚಾಟಿಕೆಯಲ್ಲಿ ಹೇಳಿಬಿಟ್ಟರು. ಕೈ ಇದ್ದದ್ದು ನನ್ನ ಮೇಲೆ. ಪ್ರಶ್ನೆ ನನಗೂ ಸೇರಿತ್ತು.

ಯಮನೂರಪ್ಪ ನನ್ನನ್ನು ಓಡಿಸಿ ನೋಡಲು ಹೊರಟ. ಬೆಳಗಿನ ತಂಪು, ಖಾಲಿ ಮೈ. ಊರಾಚೆಯ ಏರನ್ನು ಒಂದೇ ಉಸಿರಿಗೆ ಹತ್ತಿದೆ. ಅವನ ಮುಖ ಅರಳಿತು. ಖುಷಿಗೆ ಇನ್ನೂ ದೂರ ಹೋದ, ಅಷ್ಟರಲ್ಲಿ ಬಿಸಿಲೇರಿತು. ವಾಪಸು ಬರುವಾಗ ಅಂಗಳದ ಗೇಟು ಕಾಣುವ ಹೊತ್ತಿಗೆ ಕೊಳವೆಯಲ್ಲಿ ಪೆಟ್ರೋಲು ಕುದಿಯಲು ಶುರುವಾದದ್ದು ನನಗೆ ಗೊತ್ತಾಯಿತು. ಅಲ್ಲೇ ನಿಂತುಬಿಡಬಹುದಿತ್ತು. ನಿಂತಿದ್ದರೆ ಅವನು ಇಳಿದು, ಬಾನೆಟ್ ಮುಟ್ಟಿ ನೋಡಿ, ಊರಿನ ಬಸ್ಸು ಹಿಡಿಯುತ್ತಿದ್ದ. ನಾನು ಉಸಿರು ಬಿಗಿಹಿಡಿದೆ. ಇದ್ದಬದ್ದ ಶಕ್ತಿಯನ್ನೆಲ್ಲ ಕೂಡಿಸಿ ಗೇಟು ದಾಟಿ ನಿಂತೆ. ಜೀವಮಾನದಲ್ಲಿ ನಾನು ಹೇಳಿದ ಸುಳ್ಳು ಅದೊಂದೇ.

ಮುದುಕಪ್ಪ ಹೆಗಲ ಟವೆಲ್ಲನ್ನು ಬಾಬುರಾವ್ ಅವರ ಕೈಮೇಲೆ ಹಾಸಿ, ಕೆಳಗೆ ಬೆರಳು ಹಿಡಿದು ವ್ಯಾಪಾರ ಕುದುರಿಸಿದ. ಹಾಗಾಗಿ ನನ್ನ ಬೆಲೆ ಎಷ್ಟೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಕೈ ಕೂಡಿದ ಮೇಲೆ ಮಾತು ಹಿಂದೆ ತೆಗೆಯುವಂತಿಲ್ಲ.

"ಎತ್ತು ಮಾರಿ ಎಂಟು ದಿನದಾಗ ಬರ್ತೀನಿ," ಎಂದ ಯಮನೂರಪ್ಪ. ಎತ್ತುಗಳನ್ನು ಮಾರಿ ನನ್ನನ್ನು ಕೊಳ್ಳುತ್ತಾನೆಂದು ನನಗೆ ತಿಳಿದದ್ದು ಆಗಲೇ.

ಒಂದರ ಹೆಸರು ಹಂಡ್ಯಾ, ಇನ್ನೊಂದು ಕೆಂದ್ಯಾ. ನಾನು ಮನೆ ಮುಂದೆ ಬಂದು ನಿಂತಾಗ ಕೊಟ್ಟಿಗೆ ಖಾಲಿಯಾಗಿತ್ತು. ಪಕ್ಕದ ಊರಿನ ನಿಂಗಪ್ಪ ಎಂಬವನು ಕೊಂಡಿದ್ದ. ಬಾಗಿಲೊಳಗೆ ಎದುರು ಗೋಡೆಯ ಗೂಟಕ್ಕೆ ಎರಡು ಹಗ್ಗ ನೇತುಹಾಕಿದ್ದು ನನಗೆ ಕಾಣುತ್ತಿತ್ತು. ದುಡಿದ ಎತ್ತನ್ನು ಮಾರಿದರೂ ಅದರ ಹಗ್ಗ ಕೊಡುವುದಿಲ್ಲ, ಕೊಂಡವನು ತನ್ನ ಹಗ್ಗ ತಾನೇ ತರಬೇಕು. ಹಗ್ಗವೂ ಹೋದರೆ ಮನೆಯ ದುಡಿಮೆಯೇ ಹೋಯಿತೆಂದು ಅವರ ನಂಬಿಕೆ.

ಯಮನೂರಪ್ಪನ ಹೆಂಡತಿ ಹುಲಿಗೆವ್ವ ನನಗೆ ಆರತಿ ಎತ್ತಿದಳು. ಕುಂಕುಮ ಹಚ್ಚುವಾಗ ನನ್ನನ್ನು ನೋಡಲಿಲ್ಲ. ವಾರ ಕಳೆಯುವುದರೊಳಗೆ ನನ್ನ ಹೊಟ್ಟೆಬಾಕತನ ಆ ಮನೆಗೆ ತಿಳಿಯಿತು.

"ಎತ್ತು ರಾತ್ರಿ ಮೇದ್ರ ಬೆಳಗ್ಗಿಗೆ ಸಗಣಿನಾದ್ರೂ ಕೊಡತಿದ್ವು. ಇದು ಏನ್ ಕೊಡತೈತ್ರಿ?" ಎಂದು ಗಂಡನನ್ನು ಕೇಳಿದಳು.

"ಹೊಗಿ ಕೊಡತೈತಿ. ತಗೋ," ಎಂದು ಅವನು ನಕ್ಕ. ಅವಳು ನಗಲಿಲ್ಲ.

ಮೊದಲ ಬೇಸಿಗೆಯಲ್ಲೇ ಗಣಿಯ ಏರಿನಲ್ಲಿ ಮಲಗಿದೆ. ಯಮನೂರಪ್ಪ ಇಳಿದು ಬಂದು ಬಾನೆಟ್ ಎತ್ತಿದ. ಮೂರನೆಯ ಪ್ರಶ್ನೆ ಅವನಿಗೆ ನೆನಪಾಗಿತ್ತು, ನನಗೂ. ಬೈಯುತ್ತಾನೆಂದು ಕಾದೆ. ಅವನು ಹಳ್ಳಕ್ಕೆ ಹೋಗಿ ಗೋಣಿಚೀಲ ತೋಯಿಸಿ ತಂದು ನನ್ನ ಎಂಜಿನ್ನಿನ ಕೊಳವೆಗೆ ಹೊದಿಸಿದ. "ದಣದೀಯೇನೋ," ಎಂದ. ಆ ಮಾತಿನಿಂದ ಆದಷ್ಟು ನೋವು ಸೇನೆಯವರ ಒದೆತದಿಂದಲೂ ಆಗಿರಲಿಲ್ಲ.

ಪೇಟೆಯ ಮೆಕ್ಯಾನಿಕ್ ಖಾಜಾಸಾಬ ನೋಡಿ, ಮುದಿ ಎಂಜಿನ್ನು, ಡೀಸೆಲ್ಲಿನದು ಕೂರಿಸಬೇಕು, ಇಲ್ಲವೇ ಬಿಸಿಲೇರುವ ಮುಂಚೆ ದುಡಿಸಬೇಕು ಎಂದ. ಹೊಸ ಎಂಜಿನ್ನು ಯಮನೂರಪ್ಪನ ಕೈಗೆ ಎಟುಕುವಂತಿರಲಿಲ್ಲ. ಅಂದಿನಿಂದ ನಸುಕಿನಲ್ಲೇ ಹೇರುವುದು, ಹತ್ತು ಗಂಟೆಯೊಳಗೆ ಇಳಿಸುವುದು ಎಂದಾಯಿತು. ಹಾಗೇ ಒಂದೂವರೆ ವರ್ಷ ನಡೆಯಿತು. ಬಂದ ದುಡಿಮೆಯ ಬಹುಪಾಲು ನಾನೇ ಕುಡಿದೆ. ಆದರೂ ಹೇಳಿದ ಹೊತ್ತಿಗೆ ಕಲ್ಲು ಮುಟ್ಟಿಸುವವನು ಎಂಬ ಹೆಸರು ಯಮನೂರಪ್ಪನಿಗೆ ಉಳಿದಿತ್ತು. ಸುತ್ತಲಿನ ಊರುಗಳಲ್ಲಿ ಜನ ಅವನಿಗೆ ಕೆಲಸ ಕೊಡುತ್ತಿದ್ದದ್ದು ಆ ಹೆಸರಿಗೆ.

ಆ ಹೆಸರನ್ನು ನಾನು ಹಾಳುಮಾಡಿದ ದಿನದ ಸಂಗತಿ ಹೇಳಲೇಬೇಕು.

ಗದಿಗೆಪ್ಪ ಮಾಸ್ತರರು ಮನೆ ಕಟ್ಟಿಸುತ್ತಿದ್ದರು. ಇಡೀ ಮನೆಯ ಕಲ್ಲು ಯಮನೂರಪ್ಪನದೇ. ಹೊಸ್ತಿಲು ಕೂರಿಸಲು ಹನ್ನೆರಡರೊಳಗೆ ಮುಹೂರ್ತ. ಹೊಸ್ತಿಲ ಕಲ್ಲಿನ ಕೆತ್ತನೆ ಮುಗಿದದ್ದು ಅಂದು ಬೆಳಿಗ್ಗೆ ಹತ್ತಕ್ಕೆ. ಜೊತೆಗೆ ಎರಡು ಕಂಬ, ಒಂದಿಷ್ಟು ಚಪ್ಪಡಿ ಹೇರಿದರು. ಯಮನೂರಪ್ಪ ಒದ್ದೆ ಗೋಣಿ ಹೊದಿಸಿ, ಬಾನೆಟ್ಟಿನ ಮೇಲೆ ಕೈಯಿಟ್ಟು, "ಇದೊಂದು ದಿನ ನಡಿಯಪಾ," ಎಂದ.

ನಡೆಯಬೇಕೆಂದು ನನಗೂ ಇತ್ತು. ಬಾಬುರಾವ್ ಅವರ ಗೇಟಿನವರೆಗೆ ಉಸಿರು ಹಿಡಿದವನು ಇವನಿಗಾಗಿ ಹಿಡಿಯಲಾರೆನೇ ಎಂದುಕೊಂಡೆ. ಖಾಲಿ ಮೈಯಲ್ಲಿ ಸುಳ್ಳು ಹೇಳುವುದು ಸುಲಭವಿತ್ತು. ಏರಿನ ನಡುವೆ, ಮಾಸ್ತರರ ಊರಿಗೆ ಇನ್ನೂ ಮುಕ್ಕಾಲು ಮೈಲಿ ಇರುವಾಗ ಮಲಗಿದೆ. ಯಮನೂರಪ್ಪ ಹ್ಯಾಂಡಲ್ ಹಾಕಿ ಅಂಗೈಗೆ ಬೊಬ್ಬೆ ಬರುವ ತನಕ ತಿರುಗಿಸಿದ. ನಾನು ಏಳಲಿಲ್ಲ.

ಅವನು ಹ್ಯಾಂಡಲ್ ಕೆಳಗಿಟ್ಟು, ಗುಡ್ಡದ ಆಚೆಯಿದ್ದ ನಿಂಗಪ್ಪನ ಊರಿನ ಕಡೆ ನಡೆದ. ಮಾರಿದ ಎತ್ತನ್ನು ಮತ್ತೆ ಕೇಳಲು ಹೋಗುವುದು ಅವರಲ್ಲಿ ನಾಚಿಕೆಯ ಕೆಲಸ. ಸ್ವಲ್ಪ ಹೊತ್ತಿನಲ್ಲಿ ಗೆಜ್ಜೆ ಸದ್ದು ಕೇಳಿತು. ಹಂಡ್ಯಾ ಕೆಂದ್ಯಾರನ್ನು ನಾನು ಮೊದಲ ಸಲ ನೋಡಿದ್ದು ಆಗಲೇ. ನಿಂಗಪ್ಪ ಗಾಡಿಯನ್ನು ನನ್ನ ಬೆನ್ನಿಗೆ ಹಚ್ಚಿ ನಿಲ್ಲಿಸಿದ. ಹಂಡ್ಯಾ ಕತ್ತು ಹೊರಳಿಸಿ ಯಮನೂರಪ್ಪನ ಹೆಗಲು ಮೂಸಿತು, ಆಮೇಲೆ ಅಂಗೈ ನೆಕ್ಕಿತು. ಅವನು ಕೈ ಎಳೆದುಕೊಳ್ಳಲಿಲ್ಲ, ಕಣ್ಣು ಒರೆಸಿಕೊಳ್ಳಲೂ ಇಲ್ಲ.

"ನೀನ ಹೊಡಕೊಂಡು ಹೋಗಣ್ಣ. ನಿನ್ನ ಮಾತಿಗೆ ಲಗೂನ ಹೆಜ್ಜಿ ಹಾಕತಾವ," ಎಂದ ನಿಂಗಪ್ಪ. ದೊಡ್ಡ ಮನಸ್ಸಿನವನು.

ಹೊಸ್ತಿಲ ಕಲ್ಲನ್ನಷ್ಟೇ ಸನ್ನೆಗೋಲು ಹಾಕಿ ಗಾಡಿಗೆ ಸರಿಸಿದರು. ಎರಡು ಮುದಿ ಎತ್ತುಗಳು ಅದನ್ನು ಎಳೆದುಕೊಂಡು ಏರು ಹತ್ತಿ ಮರೆಯಾದವು. ಅವಕ್ಕೆ ಬಿಸಿಲು ಬಾಧಿಸಲಿಲ್ಲ. ಸಂಜೆ ತಂಪಾದ ಮೇಲೆ ನಾನು ನಾಚಿಕೆಗೆಟ್ಟವನಂತೆ ಒಂದೇ ಸುತ್ತಿಗೆ ಎದ್ದೆ.

ಎತ್ತುಗಳು ಹೊಸ್ತಿಲ ಕಲ್ಲು ಮುಟ್ಟಿಸುವಾಗಲೇ ಮುಹೂರ್ತ ಮೀರಿತ್ತು. ಮಾಸ್ತರರು ಒಳ್ಳೆಯವರು, ಏನೂ ಅನ್ನಲಿಲ್ಲ. ಉಳಿದ ಕಲ್ಲನ್ನು ಬೇರೆಯವರ ಟ್ರ್ಯಾಕ್ಟರಿಗೆ ವಹಿಸಿದರು. ಅವರನ್ನು ನೋಡಿ ಇನ್ನಿಬ್ಬರು ಹಾಗೇ ಮಾಡಿದರು. ಆರು ತಿಂಗಳಲ್ಲಿ ಯಮನೂರಪ್ಪನನ್ನು ಕರೆಯುವವರು ಇಲ್ಲವಾದರು. ಅವನು ಬುತ್ತಿ ಕಟ್ಟಿಕೊಂಡು ಅದೇ ಗಣಿಗೆ ಕಲ್ಲು ಒಡೆಯಲು, ಬೇರೆಯವರ ಗಾಡಿಗೆ ಹೇರಲು ನಡೆದುಕೊಂಡು ಹೋಗತೊಡಗಿದ. ನಾನು ಬೇವಿನ ಮರದ ಕೆಳಗೆ ನಿಂತೆ. ನನ್ನ ಸೀಟಿನಲ್ಲಿ ಹುಲಿಗೆವ್ವನ ಕೋಳಿ ಮೊಟ್ಟೆಯಿಟ್ಟಿತು.

ನನ್ನನ್ನು ಮಾರಲು ಮುದುಕಪ್ಪ ಮೂರು ಗಿರಾಕಿ ಕರೆತಂದ. ಬೇಕೆಂದೇ ಬೆಳಗಿನ ತಂಪಿನಲ್ಲಿ ಕರೆತಂದ. ನಾನು ಪ್ರತಿಸಲ ಚೆನ್ನಾಗಿ ಎದ್ದೆ. ಕೊನೆಗೆ ಯಮನೂರಪ್ಪ ಅವರ ಎದುರು ನಿಂತು ತಾನಾಗಿಯೇ ಹೇಳಿಬಿಡುತ್ತಿದ್ದ. "ಹಾಯೂದಿಲ್ಲ, ಒದಿಯೂದಿಲ್ಲ. ಹೊರಿ ಹೊತ್ತು ಮಲಗತೈತ್ರಿ."

"ಅವರು ಕೇಳಿಲ್ಲಲೋ. ನೀ ಯಾಕ ಹೇಳತಿ?" ಎಂದು ಮುದುಕಪ್ಪ ತೊಡೆ ಚಿವುಟುತ್ತಿದ್ದ.

"ಅವರಿಗೆ ಕೇಳಾಕ ಗೊತ್ತಿಲ್ಲ ಕಾಕಾ. ನನಗ ಹೇಳಾಕ ಗೊತ್ತೈತಲ್ಲ."

ಮೂರನೆಯ ಗಿರಾಕಿಯೂ ಹೋದ ದಿನ ಹುಲಿಗೆವ್ವ ಎದ್ದು ಬಂದು, ಮೊದಲ ಸಲ, ನನ್ನ ಬಾನೆಟ್ಟಿನ ಧೂಳು ಒರೆಸಿದಳು. "ಇದರ ತಪ್ಪೇನೈತಿ, ವಯಸ್ಸಾಗಿತ್ತು. ಬಾಯಿಲ್ಲ ಪಾಪ," ಎಂದಳು. ಗೇಟಿನ ಸಂಗತಿ ಅವಳಿಗೆ ಗೊತ್ತಿರಲಿಲ್ಲ.

ಕೊನೆಗೆ ಗುಜರಿಯವರೇ ಬಂದರು. ನನ್ನನ್ನು ಸರಪಳಿ ಹಾಕಿ ಲಾರಿಗೆ ಕಟ್ಟುವಾಗ ಯಮನೂರಪ್ಪ ಸೀಟಿನ ಕೆಳಗಿನಿಂದ ಹ್ಯಾಂಡಲ್ ತೆಗೆದುಕೊಂಡ.

"ಅದೂ ಕಬ್ಬಿಣನ ಐತಲ್ರಿ, ಹಾಕ್ರಿ ಮ್ಯಾಲ," ಎಂದ ಗುಜರಿಯವನು.

"ಇಲ್ರಿ. ದುಡದದ್ದರ ಹಗ್ಗ ಕೊಡೂ ರೂಢಿ ಇಲ್ಲ ನಮ್ಮಾಗ."

ಗುಜರಿಯವನಿಗೆ ಅರ್ಥವಾಗಲಿಲ್ಲ. ಲಾರಿ ಹೊರಟಾಗ ತೆರೆದ ಬಾಗಿಲೊಳಗೆ ನೋಡಿದೆ. ಹಂಡ್ಯಾ ಕೆಂದ್ಯಾರ ಹಗ್ಗಗಳ ಪಕ್ಕದಲ್ಲಿ, ಅದೇ ಗೂಟಕ್ಕೆ, ಅವನು ನನ್ನ ಹ್ಯಾಂಡಲ್ ನೇತುಹಾಕುತ್ತಿದ್ದ.

ಇಲ್ಲಿಗೆ ಬಂದು ಎಷ್ಟು ದಿನವಾಯಿತೋ ಲೆಕ್ಕವಿಲ್ಲ. ದಿನವೂ ನನ್ನಿಂದ ಏನಾದರೂ ಒಂದನ್ನು ಬಿಚ್ಚಿಕೊಂಡು ಹೋಗುತ್ತಾರೆ, ಅದರ ಬೇಸರವಿಲ್ಲ. ಆ ಬೆಳಿಗ್ಗೆ ಗೇಟಿನ ಆಚೆಗೇ ನಾನು ನಿಂತುಬಿಟ್ಟಿದ್ದರೆ ಬಾಬುರಾವ್ ಅಂಗಳದಲ್ಲಿ ಇನ್ನೆರಡು ವರ್ಷ ನಿಂತು ಇದೇ ಗುಜರಿಗೆ ಬರುತ್ತಿದ್ದೆ. ನನಗೆ ಬೇರೇನೂ ಆಗುತ್ತಿರಲಿಲ್ಲ. ಆದರೆ ಆ ಗೂಟದಲ್ಲಿ ಹಗ್ಗಗಳು ಖಾಲಿ ನೇತಾಡುತ್ತಿರಲಿಲ್ಲ, ಎತ್ತಿನ ಕೊರಳಲ್ಲಿರುತ್ತಿದ್ದವು. ನನ್ನ ಹ್ಯಾಂಡಲ್ಲಿಗೆ ಅಲ್ಲಿ ಜಾಗವಿರಬಾರದಿತ್ತು.