ತಾರಸಿಯ ಬಿಸಿಲಲ್ಲಿ ಹುಳ ತಿನ್ನುವ ಗಿಡ

ದ್ರೌಪದಮ್ಮ ಮಲ್ಲೇಶ್ವರಂ ಮಾರ್ಕೆಟ್ಟಿನಲ್ಲಿ ನಲವತ್ತು ವರ್ಷ ಸೊಪ್ಪು ಮಾರಿದವರು. ಏಪ್ರಿಲ್‌ನಲ್ಲಿ ಮೊಮ್ಮಗಳು ಲಾವಣ್ಯಾ ಕಾಲೇಜಿನಿಂದ ಹುಳ ತಿನ್ನುವ ಗಿಡದ ಬೀಜ ತಂದಳು. ಧೂಳಿನಷ್ಟು ಸಣ್ಣವು.

"ಈ ಸೆಕೆಗೆ ಹುಟ್ಟಲ್ಲ ಅಜ್ಜಿ. ಎ.ಸಿ. ರೂಮೇ ಬೇಕಂತೆ, ಮೇಡಂ ಅಂದ್ರು."

"ಇದು ಬೆಳೆಯೋದು ಎಲ್ಲಿ?"

"ನಮ್ ಕಡೆ ಕೆರೆ ಅಂಚಲ್ಲೇ."

"ಹಂಗಾದ್ರೆ ಅದಕ್ಕೆ ಬಿಸಿಲೇನು ಹೊಸದಾ? ಅರ್ಧ ನಂಗೆ ಕೊಡು."

ತಾರಸಿಯಲ್ಲಿ ಮರಳಿನ ಕುಂಡದ ಮೇಲೆ ಬೀಜ ಉದುರಿಸಿ, ಮಣ್ಣು ಮುಚ್ಚದೆ, ಹಿಡಿದಿಟ್ಟ ಮಳೆನೀರು ತುಂಬಿದ ತಟ್ಟೆಯಲ್ಲಿ ಕುಂಡವನ್ನಿಟ್ಟರು. ನಡು ಮಧ್ಯಾಹ್ನಕ್ಕೆ ಮಾತ್ರ ಹಳೇ ಸೀರೆಯ ನೆರಳು. ಮೂವತ್ತಾರು ಡಿಗ್ರಿ ಬಿಸಿಲಲ್ಲೂ ದಿನಕ್ಕೆರಡು ಸಲ ಮೆಟ್ಟಿಲು ಹತ್ತಿ ನೀರು ನೋಡಿದರು.

ಇಪ್ಪತ್ತೆರಡನೇ ದಿನ ಸಾಸಿವೆಗಿಂತ ಸಣ್ಣ ಹಸಿರು ಚುಕ್ಕೆಗಳು ಎದ್ದವು. ಕಾಲೇಜಿನ ತಣ್ಣನೆ ಕೋಣೆಯಲ್ಲಿ ಬಿತ್ತಿದ ಉಳಿದರ್ಧದಲ್ಲಿ ಒಂದೂ ಮೊಳೆತಿರಲಿಲ್ಲ. ಸುದ್ದಿ ಕೇಳಿ ಮೇಡಂ ತಾವೇ ತಾರಸಿಗೆ ಬಂದು ಭೂತಗನ್ನಡಿಯಲ್ಲಿ ಎಣಿಸಿದರು: ಮೂವತ್ತೊಂದು ಸಸಿ.

"ಅಮ್ಮ, ನಮ್ ಮಕ್ಕಳಿಗೆ ಬಂದು ಹೇಳಿಕೊಡ್ತೀರಾ?"

ಸೋಮವಾರ ದ್ರೌಪದಮ್ಮ ರೇಷ್ಮೆ ಸೀರೆ ಉಟ್ಟು ತರಗತಿಗೆ ಹೋದರು. ಲಾವಣ್ಯಾ ಎದ್ದು ನಿಂತು, "ಇವರು ನಮ್ಮಜ್ಜಿ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ದ್ರೌಪದಮ್ಮನಿಗೆ ಎದೆ ತುಂಬಿ ಬಂತು. ಸೆರಗು ಸರಿಮಾಡಿಕೊಂಡು ಪಾಠ ಶುರುಮಾಡಿದರು.