ಎಂಬತ್ತರ ಕೆಳಗಿನ ಸದ್ದು

ಊಟದ ಮೇಜಿನ ಮೇಲೆ ಒಂದು ಹಲಗೆ, ಅದರ ನಡುವಿನ ತೂತಿನಲ್ಲಿ ಕಡಲೆಕಾಳಿನಷ್ಟು ಮೈಕು. ಹೆಡ್‌ಫೋನಿನ ಒಂದು ಬಟ್ಟಲನ್ನು ಅದರ ಮೇಲೆ ಕವುಚಿ, ಗಾಳಿ ನುಸುಳದಂತೆ ಮೇಲೊಂದು ದಪ್ಪ ನಿಘಂಟು ಹೇರಿದರೆ ಅವಳ ಪ್ರಯೋಗಶಾಲೆ ಸಿದ್ಧ. ಅಂಗಡಿಯವರು ಕಳಿಸಿದ ಹೆಡ್‌ಫೋನುಗಳಲ್ಲಿ ಬೇಸ್, ಅಂದರೆ ತಗ್ಗಿನ ಸದ್ದು, ಎಷ್ಟು ಆಳಕ್ಕಿಳಿಯುತ್ತದೆಂದು ಅಳೆದು, ಆಮೇಲೆ ಸ್ವತಃ ಕೇಳಿ ಬರೆದುಕೊಡುವುದು ಒಂಬತ್ತು ವರ್ಷಗಳಿಂದ ಅವಳ ಕೆಲಸ. ಅಳತೆಯ ಗೆರೆಯನ್ನು ಕಂಪ್ಯೂಟರಿನಲ್ಲಿ ಯಾರು ಬೇಕಾದರೂ ಎಳೆದಾರು. ಅಂಗಡಿಯವರು ನಂಬಿದ್ದು ಅವಳ ಕಿವಿಯನ್ನು.

ಆ ಬೆಳಿಗ್ಗೆ, ನಾಲ್ಕು ದಿನದ ಹಿಂದೆ ಬಂದ ಹೊಸ ಕನ್ನಡಕದಲ್ಲಿ ಪರದೆ ನೋಡಿದಳು. ಗೆರೆ ಮೂವತ್ತು ಹರ್ಟ್ಸ್‌ವರೆಗೂ ನೇರವಾಗಿತ್ತು, ಎಲ್ಲೂ ಕುಸಿದಿರಲಿಲ್ಲ. ಹೆಡ್‌ಫೋನು ತಲೆಗೇರಿಸಿ ಅದೇ ಸದ್ದು ನುಡಿಸಿದಳು. ಏನೂ ಇಲ್ಲ. ನಲವತ್ತು, ಐವತ್ತು, ಇಲ್ಲ. ಎಂಬತ್ತು ದಾಟಿದ ಮೇಲೆ ದೂರದಲ್ಲಿ ಯಾರೋ ಗೊಣಗಿದಂತಾಯಿತು. ತಂತಿ ಬದಲಿಸಿದಳು. ಬೇರೆ ಹೆಡ್‌ಫೋನು ಹಾಕಿದಳು. ಅದೂ ಹಾಗೆಯೇ.

ಅಮ್ಮನಿಗೆ ಐವತ್ತಕ್ಕೆ ಕಿವಿ ಹೋಗಿತ್ತು. ಮೊದಲು ಹೋದದ್ದು ಗಂಡಸರ ದನಿ. ‘ನಿಮ್ಮಪ್ಪ ಬರೀ ಬಾಯಿ ಆಡಿಸ್ತಾರೆ, ಮಾತೇ ಆಡಲ್ಲ’ ಎಂದಾಗ ಮನೆಯವರೆಲ್ಲ ನಕ್ಕಿದ್ದರು. ಮಗಳೂ ನಕ್ಕಿದ್ದಳು. ಆ ಮಗಳಿಗೆ ಈಗ ನಲವತ್ತೊಂಬತ್ತು.

ಗಂಡ ಅಡುಗೆಮನೆಯಿಂದ ಬಂದ. “ನಿನ್ನೆ ಸಂಜೆ ಮೂರು ಸಲ ಕರೆದ್ರೂ ಓಗೊಡ್ಲಿಲ್ಲ. ನಿಮ್ಮಮ್ಮನ ಕಿವಿ ನಿಂಗೂ ಬಂತಾ?”

ಬೇರೆ ದಿನವಾಗಿದ್ದರೆ ತಿರುಗೇಟು ಕೊಡುತ್ತಿದ್ದಳು. ಅವನು ಕರೆದಾಗ ಕೇಳಿಯೂ ಕೇಳದಂತಿರುವುದು ಮದುವೆಯಾದ ಎರಡನೇ ವರ್ಷದಲ್ಲೇ ಅವಳು ಕಲಿತ ವಿದ್ಯೆ. ಮೂರನೇ ಕೂಗಿನ ಹೊತ್ತಿಗೆ ಅರ್ಧ ಕೆಲಸ ಅವನೇ ಮಾಡಿಕೊಂಡಿರುತ್ತಿದ್ದ. ಆದರೆ ನಿನ್ನೆಯದು ಕೇಳಿತ್ತೋ ಇಲ್ಲವೋ ನೆನಪಾಗಲಿಲ್ಲ. ಯಾವುದು ನಟನೆ, ಯಾವುದು ಕಿವುಡು ಎಂದು ಈಗ ಅವಳಿಗೇ ತಿಳಿಯಲಿಲ್ಲ.

ಹೆಡ್‌ಫೋನನ್ನು ಅವನ ತಲೆಗಿಟ್ಟು ಮೂವತ್ತನ್ನು ನುಡಿಸಿದಳು. ಎಮ್ಮೆ ಉಸಿರು ಬಿಟ್ಟ ಹಾಗಿದೆ ಎಂದು ಅವನು ನಕ್ಕ. ಸೀಟಿ ಹೊಡೆದರೂ ಶ್ರುತಿ ತಪ್ಪುವ ಅವನಿಗೆ ಕೇಳುತ್ತಿತ್ತು.

ಪರದೆಯ ಗೆರೆ ಮಂಜಾಯಿತು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು. ಏನಾಯ್ತು ಏನಾಯ್ತು ಎಂಬ ಅವನ ಪ್ರಶ್ನೆ ತಡೆಯಲಾರದೆ ಹೆಡ್‌ಫೋನು ಕಿತ್ತುಕೊಂಡು ತಾನೇ ಹಾಕಿಕೊಂಡಳು. ಸದ್ದು ಇನ್ನೂ ನಡೆಯುತ್ತಿತ್ತು. ಎರಡೂ ಕಿವಿಯಲ್ಲಿ ಎಮ್ಮೆ ಉಸಿರುಬಿಟ್ಟಿತು.

ಕನ್ನಡಕ ಹಾಕಿದಳು, ಮಾಯ. ತೆಗೆದಳು, ಬಂತು. ಅದರ ದಪ್ಪ ಕಡ್ಡಿ ಕಿವಿಯ ಮೆತ್ತೆಯನ್ನು ಕೂದಲೆಳೆಯಷ್ಟು ಎತ್ತಿ ಬೇಸನ್ನೆಲ್ಲ ಸೋರಿಸಿಬಿಟ್ಟಿತ್ತು. ಹಲಗೆಗೆ ನಿಘಂಟು ಹೇರುತ್ತಿದ್ದವಳು ತನ್ನ ತಲೆಯನ್ನೇ ಮರೆತಿದ್ದಳು.

ನಗು ಬಂತು. ಆದರೂ ಭಯ ಪೂರ್ತಿ ಇಳಿಯಲಿಲ್ಲ. ನಿನ್ನೆಯ ಮೂರು ಕೂಗು ಹಾಗೇ ಉಳಿದಿತ್ತು.

“ಒಳಗೆ ಹೋಗಿ ನನ್ನ ಕರೀರಿ. ಮೆತ್ತಗೆ, ಒಂದೇ ಸಲ.”

“ಯಾಕೆ?”

“ಹೋಗಿ ಅಂದ್ರೆ ಹೋಗಿ.”

ಅವನು ಹೋದ. ಅವಳು ಹೆಡ್‌ಫೋನು ಕೆಳಗಿಟ್ಟು, ಬಾಗಿಲಿಗೆ ಬೆನ್ನು ಮಾಡಿ, ಉಸಿರು ಬಿಗಿಹಿಡಿದು ಕೂತಳು. ಬೀದಿಯಲ್ಲಿ ಒಂದು ಸೈಕಲ್ಲು ಹೋಯಿತು. ನಲ್ಲಿ ತೊಟ್ಟಿಕ್ಕಿತು. ಆಮೇಲೆ, ಎರಡು ಗೋಡೆಗಳಾಚೆಯಿಂದ, ಅವನ ದಪ್ಪ ದನಿ.

“ಹ್ಞಾಂ, ಬಂದೆ” ಎಂದಳು, ಇಪ್ಪತ್ತು ವರ್ಷಗಳಲ್ಲಿ ಮೊದಲ ಸಲ, ಮೊದಲ ಕೂಗಿಗೇ.