ಬಾಗಿಲ ಹೊರಗಿನ ಮಾಪು

"ಲೇ, ಕೈಗೇನು ಲಕ್ವ ಹೊಡ್ದಿದ್ಯೇನೇ, ಬೋಳಿಮಗಳೇ? ಒತ್ತಿ ಒರ್ಸು! ಗಂಡ ಬಿದ್ದ ಅಂತ ನೀನೂ ಬಿದ್ಕೋಬೇಡ."

ಮೇಸ್ತ್ರಿಯ ಅಬ್ಬರಕ್ಕೆ, ಕೋರ್ಟಿನ ಪಡಸಾಲೆಯಲ್ಲಿ ಓಡಾಡುತ್ತಿದ್ದ ಕರಿಕೋಟುಗಳಲ್ಲಿ ಒಂದೂ ತಿರುಗಿ ನೋಡಲಿಲ್ಲ. ಅವಳು ಸೊಂಟ ಬಗ್ಗಿಸಿ ಒತ್ತಿ ಒರೆಸಿದಳು. ಗಂಡ ಬಿದ್ದದ್ದು ಇದೇ ಕಟ್ಟಡದ ಕಿಟಕಿ ಒರೆಸುವಾಗ, ಇದೇ ಮೇಸ್ತ್ರಿ ತಂದುಕೊಟ್ಟ ಮುರುಕು ಏಣಿಯಿಂದ. ಈಗ ಕಾಲು ಮುರಿದುಕೊಂಡು ಮೇಸ್ತ್ರಿಯದೇ ಷೆಡ್ಡಿನಲ್ಲಿ ಮಲಗಿದ್ದಾನೆ.

"ಗಂಡಾಳು ದುಡಿದ್ರೆ ಮಾತ್ರ ರೂಮು. ಸಾಯಂಕಾಲ ಖಾಲಿ ಮಾಡು. ಇಲ್ದಿದ್ರೆ ಮಂಚದ ಸಮೇತ ಅವನ್ನ ಬೀದಿಗೆ ಎಸೀತೀನಿ."

ಬೀಗದ ಕೈ ಗೊಂಚಲು ಝಣಗುಡಿಸುತ್ತ ಮೇಸ್ತ್ರಿ ಮಹಡಿ ಹತ್ತಿದ.

"ನೀನು ದಿನಾ ಒರ್ಸೋ ಆ ಮೂಲೆ ಬಾಗ್ಲಿದೆಯಲ್ಲ, ಅಲ್ಲಿ ಬಡವ್ರಿಗೆ ಪುಕ್ಕಟೆ ವಕೀಲ್ರು ಸಿಗ್ತಾರೆ ಕಣಕ್ಕಾ. ಹೋಗಿ ಹೇಳ್ಕೋ" ಎಂದು ಚಹಾ ಮಾರುವವಳು ಬೆಳಿಗ್ಗೆ ಕಿವಿಯಲ್ಲಿ ಉಸುರಿದ್ದಳು.

"ಪುಕ್ಕಟೆಗೆ ಬೈಗುಳ ಬಿಟ್ಟು ಬೇರೇನು ಸಿಗುತ್ತೆ ಇಲ್ಲಿ?" ಎಂದು ಇವಳು ನಕ್ಕಿದ್ದಳು. ವರ್ಷಗಟ್ಟಲೆ ಆ ಹೊಸ್ತಿಲನ್ನು ಉಜ್ಜಿ ಉಜ್ಜಿ ಹೊಳೆಯಿಸಿದವಳಿಗೆ ಅದು ಯಾರೋ ದೊಡ್ಡವರ ಕೋಣೆ ಎಂದೇ ಲೆಕ್ಕ.

ಈಗ ನಗು ಬರಲಿಲ್ಲ. ಬಾಗಿಲ ತನಕ ಹೋದಳು. ಮಾಪನ್ನು ಹೊರಗೆ ಬಿಡುವ ಹಾಗಿಲ್ಲ. ಮಾಪು ಒಂಟಿಯಾಗಿ ಕಂಡರೆ ಮೇಸ್ತ್ರಿ ಆಳನ್ನು ಹುಡುಕಿಕೊಂಡು ಬರುತ್ತಾನೆ. ಅದಕ್ಕೇ ಮಾಪು ಹಿಡಿದೇ ಒಳಗೆ ಕಾಲಿಟ್ಟಳು.

ಮೇಜಿನ ಹಿಂದಿದ್ದ ವಕೀಲಮ್ಮ ಕಾಗದದಿಂದ ತಲೆ ಎತ್ತಲಿಲ್ಲ. ಕಾಲೆರಡನ್ನೂ ಮೇಲೆತ್ತಿಕೊಂಡು, "ಕುರ್ಚಿ ಕೆಳಗೂ ಒರ್ಸಿಬಿಡಮ್ಮ" ಎಂದರು.

"ಅಮ್ಮಾ, ನಾನು..."

ಮಾತು ಹೊರಡಲಿಲ್ಲ, ಕೈ ಮಾತ್ರ ತನ್ನ ಪಾಡಿಗೆ ಹೊರಟಿತು. ಮೇಜಿನ ಕೆಳಗೆ, ಕುರ್ಚಿಯ ಕೆಳಗೆ, ದೂರು ಹೇಳಲು ಬಂದವರು ಕೂರುವ ಬೆಂಚಿನ ಕೆಳಗೆ ಎಲ್ಲ ಚೊಕ್ಕಟವಾಗಿ ಒರೆಸಿ ಹೊರಗೆ ಬಂದಳು. ಥೂ, ನಿನ್ನ ಬಾಯಿಗೆ ಮಣ್ಣು ಹಾಕ, ಎಂದು ತನ್ನನ್ನೇ ಬೈದುಕೊಂಡಳು.

ಮಹಡಿ ಮೆಟ್ಟಿಲ ಮೇಲೆ ಬೀಗದ ಕೈಗಳ ಸದ್ದು ಇಳಿಯತೊಡಗಿತು. ಒಳಗೆ ಹೋದರೆ ಇರುವ ಕೆಲಸವೂ ಹೋಗುತ್ತದೆ. ಹೋಗದಿದ್ದರೆ ಸಂಜೆ ಗಂಡ ಬೀದಿಯಲ್ಲಿ. ತೆವಳಿ ಪಕ್ಕಕ್ಕೆ ಸರಿಯುವುದಕ್ಕೂ ಅವನಿಗೆ ತ್ರಾಣವಿಲ್ಲ.

ಮಾಪನ್ನು ಬಾಗಿಲ ಪಕ್ಕದ ಗೋಡೆಗೆ ಒರಗಿಸಿದಳು. ಬೆರಳುಗಳು ಕೋಲು ಬಿಡಲೊಲ್ಲವು, ಬಿಡಿಸಿಕೊಳ್ಳಬೇಕಾಯಿತು. ಒಳಗೆ ಹೋಗಿ ಈಗಷ್ಟೇ ಒರೆಸಿದ ಜಾಗದಲ್ಲಿ ಹೆಜ್ಜೆ ಮೂಡಿಸಿಕೊಂಡು ಬೆಂಚಿನ ಮೇಲೆ ಕುಳಿತುಬಿಟ್ಟಳು.

"ಇನ್ನೂ ಮುಗೀಲಿಲ್ವೇನಮ್ಮಾ?" ವಕೀಲಮ್ಮ ಈಗ ತಲೆ ಎತ್ತಿದರು.

"ಒರ್ಸೋಕೆ ಬಂದಿಲ್ಲಮ್ಮಾ. ದೂರು ಹೇಳೋಕೆ ಬಂದೆ. ಕಾಲು ಮುರ್ಕೊಂಡಿರೋ ಗಂಡನ್ನ ಸಂಜೆ ಬೀದಿಗೆ ಹಾಕ್ತಾರಂತೆ."

"ಯಾರು?"

ಬೀಗದ ಕೈಗಳ ಸದ್ದು ಬಾಗಿಲಲ್ಲಿ ನಿಂತಿತು.

"ಯಾವ ಮುಂಡೆ ಬಿಟ್ಟಿದ್ದು ಈ ಮಾಪ್ನ? ಲೇ! ಅಲ್ಯಾಕೆ ಕೂತಿದ್ದೀಯ? ಏಳೇ ಮೇಲೆ!"

ಅವಳು ತಿರುಗಲಿಲ್ಲ. ತಿರುಗಿದ್ದರೆ ಎದ್ದೇಬಿಡುತ್ತಿದ್ದಳು, ಅದು ಅವಳಿಗೂ ಗೊತ್ತಿತ್ತು. ಒಂದು ಕೈಯಲ್ಲಿ ಬೆಂಚನ್ನು ಬಿಗಿಯಾಗಿ ಹಿಡಿದು, ಇನ್ನೊಂದನ್ನು ಕೂತಲ್ಲಿಂದಲೇ ಹಿಂದಕ್ಕೆ ಚಾಚಿ ಬಾಗಿಲ ಕಡೆ ಬೆರಳು ಮಾಡಿದಳು.

"ಇವ್ನೇ" ಎಂದಳು.